ಎದೆನೋವಿನ ರೋಗಿ ಮತ್ತು ಅಪಾಯದ ಗಣನೆ: ಒಂದು ಚಾರಿತ್ರಿಕ ಅವಲೋಕನ

ತುರ್ತು ಚಿಕಿತ್ಸಾ ವಿಭಾಗಕ್ಕೆ ಎದೆನೋವೆಂದು ಬರುವವರೆಲ್ಲರೂ ಹೃದ್ರೋಗಿಗಳಲ್ಲ. ಸ್ನಾಯುಗಳ ಸೆಳೆತ, ಆಮ್ಲಪಿತ್ತ, ಮನಸ್ಸಿನ ಕಳವಳ ಇವೂ ಎದೆನೋವಾಗಿಯೇ ತೋರಬಹುದು. ಆದ್ದರಿಂದ ವೈದ್ಯರು ರೋಗವಾವುದೆಂದು ತಿಳಿದರಷ್ಟೇ ಸಾಲದು. ಯಾರನ್ನು ನಿರ್ಭಯವಾಗಿ ಮನೆಗೆ ಕಳುಹಿಸಬಹುದೆಂಬುದನ್ನೂ ನಿರ್ಧರಿಸಬೇಕು. ಈ ನಿರ್ಧಾರಕ್ಕೆ ಆಧಾರವನ್ನು ಅರಸಿದ ಬಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧೭೬೮ರಲ್ಲಿ ಲಂಡನ್ನಿನ ವಿಲಿಯಂ ಹೆಬರ್ಡನ್, ನಡೆಯುವಾಗ ಎದೆಯನ್ನು ಹಿಂಡಿ ನಿಂತೊಡನೆ ಶಮನವಾಗುವ ನೋವನ್ನು ವರ್ಣಿಸಿ, ಅದಕ್ಕೆ ‘ಆಂಜೈನಾ ಪೆಕ್ಟೊರಿಸ್’ ಎಂಬ ಹೆಸರನ್ನಿತ್ತನು. ಅಂದು ರೋಗಿಯ ಮಾತೇ ಮುಖ್ಯ ಪ್ರಮಾಣವಾಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲೈಡನ್ನಿನ ವಿಲ್ಲೆಮ್ ಐಂಥೋವನ್ ರೂಪಿಸಿದ ಹೃದಯ ವಿದ್ಯುಲ್ಲೇಖನವು (ಇ.ಸಿ.ಜಿ.) ಎರಡನೆಯ ಪ್ರಮಾಣವನ್ನು ಒದಗಿಸಿತು. ಹೃದಯಸ್ನಾಯುವಿಗೆ ಹಾನಿಯಾದಾಗ ರಕ್ತಕ್ಕೆ ಸೇರುವ ಟ್ರೊಪೋನಿನ್ ಟಿ ಎಂಬ ಪ್ರೋಟೀನನ್ನು ಅಳೆಯುವ ವಿಧಾನವು ೧೯೮೯ರಲ್ಲಿ ಪ್ರಕಟವಾಗಿ, ಮೂರನೆಯ ಪ್ರಮಾಣವೂ ದೊರೆಯಿತು.

ಆದರೂ ಸಂದೇಹ ತೀರಲಿಲ್ಲ. ಆರಂಭದ ಇ.ಸಿ.ಜಿ. ಸಹಜವಾಗಿಯೇ ಇರಬಹುದು, ಟ್ರೊಪೋನಿನ್ ಏರಲು ಸಮಯ ಬೇಕು. ೨೦೦೦ದಲ್ಲಿ ಪ್ರಕಟವಾದ ಅಮೆರಿಕದ ಹತ್ತು ಆಸ್ಪತ್ರೆಗಳ ಅಧ್ಯಯನವು, ಹೃದಯಾಘಾತಕ್ಕೊಳಗಾದವರಲ್ಲಿ ಶೇ. ೨.೧ರಷ್ಟು ಮಂದಿಯನ್ನು ತಪ್ಪಾಗಿ ಮನೆಗೆ ಕಳುಹಿಸಲಾಗಿತ್ತೆಂದು ತೋರಿಸಿತು. ಎಲ್ಲರನ್ನೂ ದಾಖಲಿಸಿಕೊಂಡರೆ ಹಾಸಿಗೆಗಳು ಸಾಲವು. ಬಿಟ್ಟುಕೊಟ್ಟರೆ ಪ್ರಾಣಹಾನಿಯ ಭಯ. ಈ ಇಕ್ಕಟ್ಟಿನಿಂದಲೇ ಅಂಕಪದ್ಧತಿಗಳು ಬೆಳೆದುಬಂದವು.

೨೦೦೦ದ ‘ಟಿಮಿ’ ಅಂಕವು ಹೃದ್ರೋಗವೆಂದು ಈಗಾಗಲೇ ಗುರುತಿಸಲ್ಪಟ್ಟವರನ್ನು ಆಧರಿಸಿತ್ತು. ರೋಗವಾವುದೆಂದು ಇನ್ನೂ ತಿಳಿಯದ ರೋಗಿಗಾಗಿಯೇ ರೂಪುಗೊಂಡದ್ದು ೨೦೦೮ರಲ್ಲಿ ನೆದರ್ಲೆಂಡ್ಸಿನ ವೈದ್ಯರು ಪ್ರಕಟಿಸಿದ ‘ಹಾರ್ಟ್’ ಅಂಕ. ರೋಗಿಯ ವೃತ್ತಾಂತ, ಇ.ಸಿ.ಜಿ., ವಯಸ್ಸು, ಅಪಾಯಕಾರಿ ಅಂಶಗಳು, ಟ್ರೊಪೋನಿನ್ ಈ ಐದಕ್ಕೆ ತಲಾ ಸೊನ್ನೆಯಿಂದ ಎರಡು ಅಂಕಗಳು. ಅದೇ ದೇಶದ ಹತ್ತು ಆಸ್ಪತ್ರೆಗಳ ೨,೪೪೦ ರೋಗಿಗಳ ಮೇಲೆ ನಡೆದ, ೨೦೧೩ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮೂರು ಅಥವಾ ಅದಕ್ಕಿಂತ ಕಡಿಮೆ ಅಂಕ ಪಡೆದವರಲ್ಲಿ ಶೇ. ೧.೭ರಷ್ಟು ಮಂದಿಗೆ ಮಾತ್ರ ಆರು ವಾರಗಳೊಳಗೆ ಗಂಭೀರ ಹೃದಯ ತೊಂದರೆ ಸಂಭವಿಸಿತು; ಏಳು ಮತ್ತು ಅದಕ್ಕೆ ಮೇಲ್ಪಟ್ಟವರಲ್ಲಿ ಶೇ. ೫೦.೧ರಷ್ಟು ಮಂದಿಗೆ. ಹೆಬರ್ಡನ್ ಆಲಿಸಿದ ರೋಗಿಯ ಮಾತು ಇಲ್ಲಿಯೂ ಮೊದಲ ಸ್ಥಾನವನ್ನು ಉಳಿಸಿಕೊಂಡಿರುವುದು ಗಮನಾರ್ಹ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಪದ್ಧತಿಯಲ್ಲಿ ನಲವತ್ತೈದರೊಳಗಿನವರಿಗೆ ವಯಸ್ಸಿನ ಅಂಕ ಸೊನ್ನೆ. ಆದರೆ ಬೆಂಗಳೂರಿನ ಪ್ರೇಮ್ ಪೈಸ್ ಅವರೂ ಪಾಲ್ಗೊಂಡು ೨೦೦೭ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಅಧ್ಯಯನದ ಪ್ರಕಾರ, ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದ ದೇಶಗಳಲ್ಲಿ ೫೩ ವರ್ಷ, ಇತರ ದೇಶಗಳಲ್ಲಿ ೫೮.೮ ವರ್ಷ. ಹೀಗಿರುವಾಗ, ಒಂದು ಜನಸಮುದಾಯದಲ್ಲಿ ಹುಟ್ಟಿದ ಅಳತೆಗೋಲನ್ನು ಮತ್ತೊಂದಕ್ಕೆ ಪರೀಕ್ಷಿಸದೆ ಅನ್ವಯಿಸಿದರೆ, ನಮ್ಮ ಕಿರಿಯ ರೋಗಿಗಳ ಅಪಾಯವನ್ನು ಕಡಿಮೆಯೆಂದು ಎಣಿಸುವ ಸಾಧ್ಯತೆಯಿದೆ. ಅಂಕಗಳು ವೈದ್ಯರ ವಿವೇಚನೆಗೆ ಆಸರೆಯೇ ಹೊರತು ಬದಲಿಯಲ್ಲವೆಂಬುದೇ ಈ ಚರಿತ್ರೆಯಿಂದ ನಾವು ಗ್ರಹಿಸಬೇಕಾದ ಸಂಗತಿ.