ಸೈಕಲ್ ಕಂಪ್ಯೂಟರಿಗೆ ಚಕ್ರದ ಸುತ್ತಳತೆ: ಪಟ್ಟಿಯ ಅಂಕಿ, ನೆಲದ ಅಂಕಿ

ಸೈಕಲ್ ಕಂಪ್ಯೂಟರ್ ಮಾಡುವುದು ಬರೀ ಎಣಿಕೆಯ ಕೆಲಸ. ಸ್ಪೋಕಿಗೆ ಸಿಕ್ಕಿಸಿದ ಅಯಸ್ಕಾಂತ ಫೋರ್ಕಿನ ಮೇಲಿನ ಸೆನ್ಸರ್ ಮುಂದೆ ಹಾದಾಗಲೆಲ್ಲ ಒಂದು ಸುತ್ತು ಎಂದು ಲೆಕ್ಕ ಹಿಡಿಯುತ್ತದೆ. ಆ ಲೆಕ್ಕವನ್ನು ನಾವು ತುಂಬಿಕೊಟ್ಟ ಸುತ್ತಳತೆಯಿಂದ ಗುಣಿಸುತ್ತದೆ. ವೇಗ, ದೂರ, ಸರಾಸರಿ ಮೂರೂ ಆ ಒಂದು ಅಂಕಿಯನ್ನೇ ನೆಚ್ಚಿಕೊಂಡಿವೆ. ಹಳೆಯ ಯಾಂತ್ರಿಕ ಸೈಕ್ಲೋಮೀಟರುಗಳಲ್ಲಿ ಚಕ್ರದ ಅಳತೆ ಹಲ್ಲುಚಕ್ರಗಳಲ್ಲೇ ಅಡಕವಾಗಿರುತ್ತಿತ್ತು. 26 ಅಂಗುಲದ ಚಕ್ರಕ್ಕೊಂದು, 28ಕ್ಕೆ ಇನ್ನೊಂದು ಕೊಳ್ಳಬೇಕಿತ್ತು. ಈಗ ಹೊಣೆ ಸವಾರನದು.

ಹೆಚ್ಚಿನವರು ಕೈಪಿಡಿಯ ಪಟ್ಟಿ ನೋಡಿ ಮುಗಿಸುತ್ತಾರೆ. ಪಟ್ಟಿಗಳಲ್ಲಿ ಸಾಮಾನ್ಯವಾಗಿ 700x23 ಟೈರಿಗೆ 2096 ಮಿ.ಮೀ., 700x28ಕ್ಕೆ 2136 ಎಂದಿರುತ್ತದೆ. ಇಲ್ಲಿ 700 ಹೆಸರಿಗಷ್ಟೇ. ಟೈರು ಕೂರುವಲ್ಲಿ ರಿಮ್ಮಿನ ವ್ಯಾಸ 622 ಮಿ.ಮೀ.; ಅದಕ್ಕೆ ಎರಡು ಬದಿಯ 28ನ್ನು ಸೇರಿಸಿ ಪೈನಿಂದ ಗುಣಿಸಿದರೆ ಸುಮಾರು 2130 ಬರುತ್ತದೆ. 28 ಎಂದು ಅಚ್ಚಾದ ಟೈರು ಅಗಲವಾದ ರಿಮ್ಮಿನ ಮೇಲೆ 30ಕ್ಕೆ ಉಬ್ಬುವುದೂ ಉಂಟು. ತ್ರಿಜ್ಯದಲ್ಲಿ 1 ಮಿ.ಮೀ. ಏರುಪೇರಾದರೆ 100 ಕಿ.ಮೀ.ಗೆ ಸುಮಾರು 300 ಮೀ. ವ್ಯತ್ಯಾಸ. ಟೈರು ಬದಲಿಸಿ ಅಂಕಿ ಬದಲಿಸದಿದ್ದರಂತೂ ಕೇಳುವುದೇ ಬೇಡ: 23ರ ಅಂಕಿ ಇಟ್ಟುಕೊಂಡು 28ರ ಟೈರಿನಲ್ಲಿ 200 ಕಿ.ಮೀ. ಬ್ರೆವೆ (ಗೊತ್ತುಪಡಿಸಿದ ಮಾರ್ಗದ ದೂರದ ಸವಾರಿ) ಮುಗಿಸಿದವರಿಗೆ ಕಾಣುವುದು 196.3. ಮಾರ್ಗಪತ್ರದಲ್ಲಿ 60ನೇ ಕಿ.ಮೀ.ಗೆ ಎಡಕ್ಕೆ ಎಂದಿದ್ದರೆ, ಪರದೆಯನ್ನು ನಂಬಿದವರು ತಿರುವು ದಾಟಿ ಒಂದು ಕಿ.ಮೀ.ಗಿಂತ ಹೆಚ್ಚು ಮುಂದೆ ಹೋಗಿರುತ್ತಾರೆ.

ನೆಲದ ಮೇಲೆ ಅಳೆಯುವುದೇ ಸರಿ. ಸೆನ್ಸರ್ ಇರುವ ಚಕ್ರಕ್ಕೆ ಎಂದಿನಷ್ಟು ಗಾಳಿ ಹೊಡೆದು, ವಾಲ್ವನ್ನು ನೇರ ಕೆಳಕ್ಕೆ ತಂದು, ಅದರ ಬುಡಕ್ಕೆ ಸೀಮೆಸುಣ್ಣದ ಗೀಟು ಎಳೆಯಬೇಕು. ಸವಾರ ಸೀಟಿನ ಮೇಲೆ ಕೂತಿರಲಿ, ಇನ್ನೊಬ್ಬರು ಮೆಲ್ಲಗೆ ತಳ್ಳಲಿ. ವಾಲ್ವ್ ಐದನೆಯ ಸಲ ಕೆಳಕ್ಕೆ ಬಂದಾಗ ಮತ್ತೊಂದು ಗೀಟು. ನಡುವಿನ ದೂರವನ್ನು ಉಕ್ಕಿನ ಟೇಪಿನಲ್ಲಿ ಅಳೆದು ಐದರಿಂದ ಭಾಗಿಸುವುದು. ಗೀಟು 5 ಮಿ.ಮೀ. ಆಚೀಚೆಯಾದರೆ ಒಂದೇ ಸುತ್ತಿನ ಅಳತೆಯಲ್ಲಿ ಅದು ಶೇ. 0.24ರಷ್ಟು ತಪ್ಪು, ಐದು ಸುತ್ತಿನಲ್ಲಿ ಶೇ. 0.05. ಹ್ಯಾಂಡಲ್ ಓಲಾಡಿದರೆ ಅಳತೆ ಕಡಿಮೆ ಬರುತ್ತದೆ, ಏಕೆಂದರೆ ಟೇಪು ನೇರ ಹೋಗುತ್ತದೆ, ಚಕ್ರ ಹೋಗಿರುವುದಿಲ್ಲ.

ಸವಾರ ಕೂತಿರಲೇಬೇಕೆ? ಭಾರಕ್ಕೆ ಟೈರು ತಗ್ಗುತ್ತದೆ, ಸುತ್ತಿಗೆ ಕ್ರಮಿಸುವ ದೂರವೂ ಅಷ್ಟು ತಗ್ಗುತ್ತದೆ. ಆದರೆ ಭಾರ ಹೊತ್ತಾಗಿನ ಅಚ್ಚಿನ ಎತ್ತರವನ್ನೇ ತ್ರಿಜ್ಯವೆಂದು ಹಿಡಿದು ಲೆಕ್ಕ ಹಾಕುವ ಸುಲಭದ ದಾರಿ ನನಗೆ ಒಪ್ಪಿಗೆಯಿಲ್ಲ. ನೆಲ ಮುಟ್ಟುವ ಜಾಗದಲ್ಲಿ ಟೈರು ಚಪ್ಪಟೆಯಾಗುತ್ತದೆಯೇ ಹೊರತು ಅದರ ಹೊರಮೈಯ ಉದ್ದ ಅಷ್ಟೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ನಿಜದ ಅಂಕಿ ಭಾರವಿಲ್ಲದ ಸುತ್ತಳತೆಗೂ ಈ ಲೆಕ್ಕಕ್ಕೂ ನಡುವೆ ಬೀಳುತ್ತದೆ.

ಈ ವಿಷಯದಲ್ಲಿ ಅತ್ಯಂತ ಕಟ್ಟುನಿಟ್ಟಿನವರು ರಸ್ತೆ ಓಟದ ಮಾರ್ಗ ಅಳೆಯುವವರು. ಅವರ ಸಾಧನವೂ ಸೈಕಲ್ಲೇ. ಬ್ರಿಟನ್ನಿನ ಜಾನ್ ಜ್ಯೂಯೆಲ್ 1960ರ ದಶಕದಲ್ಲಿ ಈ ವಿಧಾನಕ್ಕೆ ಚಾಲನೆ ಕೊಟ್ಟರು. ಮುಂದಿನ ಚಕ್ರದ ಅಚ್ಚಿಗೆ ಜೋಡಿಸಿದ ಜೋನ್ಸ್ ಕೌಂಟರ್ ಸುತ್ತಿನ ಭಾಗಗಳನ್ನೂ ಎಣಿಸುತ್ತದೆ. ಉಕ್ಕಿನ ಟೇಪಿನಲ್ಲಿ ಅಳೆದ, ಕನಿಷ್ಠ 300 ಮೀ. ಉದ್ದದ ನೇರ ಹಾದಿಯ ಮೇಲೆ ಕೆಲಸಕ್ಕೆ ಮೊದಲು ನಾಲ್ಕು ಸಲ, ಮುಗಿದ ಮೇಲೆ ನಾಲ್ಕು ಸಲ ಸವಾರಿ. ಬಿಸಿಲೇರಿದರೆ ಟೈರಿನೊಳಗಿನ ಗಾಳಿ ಹಿಗ್ಗಿ ಅದೇ ದೂರಕ್ಕೆ ಎಣಿಕೆ ಇಳಿಯುತ್ತದೆ, ಅದಕ್ಕೇ ಎರಡನೆಯ ಸರದಿ. ಇಷ್ಟಾದರೂ ಶೇ. 0.1ರಷ್ಟನ್ನು ಕೂಡಿಸಿಯೇ ಮಾರ್ಗ ಗುರುತಿಸುತ್ತಾರೆ. ಬೆಂಗಳೂರಿನ 10 ಕಿ.ಮೀ. ಓಟದಂಥ ದೂರಕ್ಕೆ ಅದು 10 ಮೀ. ಅತಿಯಾಯಿತು ಎನಿಸಬಹುದು. 1981ರ ನ್ಯೂಯಾರ್ಕ್ ಮ್ಯಾರಥಾನಿನಲ್ಲಿ ಆಲ್ಬರ್ಟೋ ಸಲಜಾರ್ 2:08:13ರಲ್ಲಿ ಓಡಿ ಮಾಡಿದ ವಿಶ್ವದಾಖಲೆ, ಮರು ಅಳತೆಯಲ್ಲಿ ಮಾರ್ಗ ಸುಮಾರು 150 ಮೀ. ಕಡಿಮೆ ಎಂದು ತಿಳಿದಾಗ ಬಿದ್ದುಹೋಯಿತು. ಅದು ಶೇ. 0.35ರ ಕೊರತೆ, 28ರ ಟೈರಿನ ಸುತ್ತಳತೆಯಲ್ಲಾದರೆ ಏಳೂವರೆ ಮಿ.ಮೀ.

ಸಾಮಾನ್ಯ ಸವಾರನಿಗೆ ಇಷ್ಟು ಶಿಸ್ತು ಬೇಕಿಲ್ಲ. ಈ ಕಂಪ್ಯೂಟರುಗಳು ಸಾಮಾನ್ಯವಾಗಿ ಮಿ.ಮೀ.ಗಳಲ್ಲಿ ಪೂರ್ಣಾಂಕವನ್ನಷ್ಟೇ ಕೇಳುತ್ತವೆ. 1 ಮಿ.ಮೀ. ಎಂದರೆ 100 ಕಿ.ಮೀ.ಗೆ 50 ಮೀ.ಗಿಂತ ಕಡಿಮೆ, ವಾರದಿಂದ ವಾರಕ್ಕೆ ಇಳಿಯುವ ಗಾಳಿಯೇ ಅದನ್ನು ನುಂಗಿಬಿಡಬಲ್ಲದು. ಟೈರು ಬದಲಾದಾಗ ಹೊಸದಾಗಿ ಗೀಟು ಎಳೆದರೆ ಸಾಕು.