ಕಂಟೈನರ್‌ಗಳನ್ನು ನಡೆಸುವ ಸರ್ವರ್‌ನಲ್ಲಿ ಕರ್ನಲ್ ಕುಸಿತ: ಕಾರಣ ಪತ್ತೆ ಮತ್ತು ಪರಿಹಾರ ಕ್ರಮಗಳು

ಸಾರ್ವಜನಿಕರ ಮಾಹಿತಿಗಾಗಿ

ತಮ್ಮ ಸಂಸ್ಥೆ, ಸಹಕಾರ ಸಂಘ, ಶಾಲಾ ಕಾಲೇಜು ಅಥವಾ ಉದ್ಯಮದ ಸರ್ವರ್‌ನಲ್ಲಿ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ಅಳವಡಿಸಿಕೊಂಡು, ಅದರಲ್ಲಿ ಡಾಕರ್, ಪಾಡ್‌ಮನ್ ಅಥವಾ ಕುಬರ್ನೆಟಿಸ್ ಮೂಲಕ ಕಂಟೈನರ್‌ಗಳನ್ನು ನಡೆಸುತ್ತಿರುವವರು, ಸರ್ವರ್ ತಾನಾಗಿಯೇ ಸ್ಥಗಿತಗೊಳ್ಳುವ ಅಥವಾ ಮರುಚಾಲನೆಗೊಳ್ಳುವ ಸಂದರ್ಭದಲ್ಲಿ ಅನುಸರಿಸಬೇಕಾದ ಕ್ರಮಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ. ತಾಂತ್ರಿಕ ನೆರವು ಕೋರಿ ಮನವಿ ಸಲ್ಲಿಸುವವರು ಮೊದಲು ಇದನ್ನು ಪೂರ್ಣವಾಗಿ ಓದಿಕೊಳ್ಳಲು ಕೋರಲಾಗಿದೆ.

ಮುಖ್ಯವಾಗಿ ಗಮನಿಸಬೇಕಾದ ಅಂಶವೊಂದಿದೆ. ಕರ್ನಲ್ ಕುಸಿದಾಗ ಅದರ ಕಾರಣವನ್ನು ತಿಳಿಸುವ ಸಾಕ್ಷ್ಯವು ಬಹುಪಾಲು ಮೆಮೊರಿಯಲ್ಲಿಯೇ ಇರುತ್ತದೆ. ವಿದ್ಯುತ್ ಗುಂಡಿಯನ್ನು ಒತ್ತಿದೊಡನೆ ಅದು ಅಳಿಸಿಹೋಗುತ್ತದೆ. ಸೇವೆಯನ್ನು ಬೇಗ ಮರಳಿ ಆರಂಭಿಸಬೇಕೆಂಬ ಆತುರ ಸಹಜವಾದುದೇ. ಆದರೆ ಸಾಕ್ಷ್ಯವಿಲ್ಲದೆ ಮರುಚಾಲನೆಗೊಂಡ ಸರ್ವರ್ ಅದೇ ಕಾರಣದಿಂದ ಮತ್ತೆ ಕುಸಿಯಬಹುದು, ಮತ್ತು ಆಗಲೂ ಕೈಯಲ್ಲಿ ಏನೂ ಇರುವುದಿಲ್ಲ.

ಕಂಟೈನರ್ ಮತ್ತು ಕರ್ನಲ್‌ನ ಸಂಬಂಧ

ಯಂತ್ರಾಂಶಕ್ಕೂ ಇತರ ಎಲ್ಲ ತಂತ್ರಾಂಶಗಳಿಗೂ ನಡುವೆ ನಿಂತು ಮೆಮೊರಿ, ಡಿಸ್ಕ್, ಜಾಲ ಸಂಪರ್ಕ ಮುಂತಾದವುಗಳನ್ನು ಹಂಚಿಕೊಡುವ ಭಾಗವೇ ಕರ್ನಲ್. ವರ್ಚುವಲ್ ಯಂತ್ರಕ್ಕೆ ತನ್ನದೇ ಆದ ಕರ್ನಲ್ ಇರುತ್ತದೆ. ಕಂಟೈನರ್‌ಗೆ ಇರುವುದಿಲ್ಲ. ಕಂಟೈನರ್ ಎಂಬುದು ಆತಿಥೇಯ ಸರ್ವರ್‌ನ ಕರ್ನಲ್ ಮೇಲೆಯೇ ನಡೆಯುವ ಸಾಮಾನ್ಯ ಪ್ರಕ್ರಿಯೆ. ಅದರ ಸುತ್ತ ನೇಮ್‌ಸ್ಪೇಸ್ ಹಾಗೂ ಸಿ-ಗ್ರೂಪ್ ಎಂಬ ಬೇಲಿಗಳನ್ನು ಹಾಕಲಾಗಿರುತ್ತದೆ, ಅಷ್ಟೇ. ಸಿ-ಗ್ರೂಪ್ ಸೌಲಭ್ಯವು 2008ರ ಜನವರಿಯಲ್ಲಿ ಬಿಡುಗಡೆಯಾದ 2.6.24 ಆವೃತ್ತಿಯಲ್ಲಿ ಲಿನಕ್ಸ್ ಕರ್ನಲ್‌ಗೆ ಸೇರಿತು. ಡಾಕರ್ 2013ರಲ್ಲಿ ಸಾರ್ವಜನಿಕ ಬಳಕೆಗೆ ಬಂದಿತು.

ವಠಾರದ ಮನೆಗಳಿಗೆ ಬೇರೆ ಬೇರೆ ಬಾಗಿಲು, ಬೇರೆ ಬೇರೆ ಮೀಟರು ಇದ್ದರೂ ಸೂರು ಒಂದೇ ಇರುವಂತೆ ಇದನ್ನು ತಿಳಿಯಬಹುದು. ಒಂದು ಕಂಟೈನರ್ ನಿಂತರೆ ಉಳಿದವು ನಡೆಯುತ್ತವೆ. ಕರ್ನಲ್ ಕುಸಿದರೆ ಅದರ ಮೇಲಿದ್ದ ಎಲ್ಲ ಕಂಟೈನರ್‌ಗಳೂ ಒಂದೇ ಕ್ಷಣದಲ್ಲಿ ನಿಲ್ಲುತ್ತವೆ.

ಇದರಿಂದ ತಿಳಿಯಬೇಕಾದುದೇನೆಂದರೆ, ಕಂಟೈನರ್‌ನೊಳಗಿನ ಸಾಮಾನ್ಯ ಅನ್ವಯ ತಂತ್ರಾಂಶವು ಎಂತಹ ತಪ್ಪು ಮಾಡಿದರೂ ಅದರಿಂದ ಕರ್ನಲ್ ಕುಸಿಯಬಾರದು. ಕುಸಿದಿದೆ ಎಂದಾದರೆ ದೋಷವು ಕರ್ನಲ್‌ನಲ್ಲಿ, ಅದಕ್ಕೆ ಸೇರಿಸಿದ ಮಾಡ್ಯೂಲ್‌ನಲ್ಲಿ ಅಥವಾ ಯಂತ್ರಾಂಶದಲ್ಲಿ ಇರುತ್ತದೆ. ಆದುದರಿಂದ ಅನ್ವಯ ತಂತ್ರಾಂಶ ಬರೆದವರನ್ನು ದೂರುವುದರಿಂದ ಪ್ರಯೋಜನವಿಲ್ಲ. ಇದಕ್ಕೊಂದು ಅಪವಾದವಿದೆ: ‘ಪ್ರಿವಿಲೆಜ್ಡ್’ ಆಯ್ಕೆಯೊಂದಿಗೆ ಆರಂಭಿಸಿದ ಕಂಟೈನರ್‌ಗೆ ಆತಿಥೇಯ ಯಂತ್ರದ ಮೇಲೆ ಹೆಚ್ಚುಕಡಿಮೆ ಪೂರ್ಣ ಅಧಿಕಾರ ದೊರೆಯುವುದರಿಂದ, ಅದು ಕರ್ನಲ್ ಮಾಡ್ಯೂಲ್ ಸೇರಿಸಲೂ, ಉದ್ದೇಶಪೂರ್ವಕವಾಗಿ ಕರ್ನಲ್ ಅನ್ನು ಕುಸಿಯುವಂತೆ ಮಾಡಲೂ ಶಕ್ತವಾಗಿರುತ್ತದೆ. ಅನಿವಾರ್ಯವಲ್ಲದ ಕಡೆ ಈ ಆಯ್ಕೆಯನ್ನು ತೆಗೆದುಹಾಕತಕ್ಕದ್ದು.

ಇದು ಕರ್ನಲ್ ಕುಸಿತವೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು

‘ಸರ್ವರ್ ಕ್ರ್ಯಾಶ್ ಆಗಿದೆ’ ಎಂದು ಹೇಳಲಾಗುವ ಪ್ರಕರಣಗಳೆಲ್ಲವೂ ಕರ್ನಲ್ ಕುಸಿತಗಳಲ್ಲ. ಮೊದಲು ಅಪ್‌ಟೈಮ್ ಆದೇಶದ ಮೂಲಕ ಯಂತ್ರವು ಎಷ್ಟು ಕಾಲದಿಂದ ಚಾಲನೆಯಲ್ಲಿದೆ ಎಂಬುದನ್ನು ನೋಡಬೇಕು. ಯಂತ್ರವು ಹತ್ತು ದಿನಗಳಿಂದ ಎಡೆಬಿಡದೆ ನಡೆಯುತ್ತಿದ್ದು, ಕಂಟೈನರ್ ಮಾತ್ರ ನಿಂತಿದ್ದರೆ ಅದು ಬೇರೆ ವಿಷಯ. ಕಂಟೈನರ್‌ನ ನಿರ್ಗಮನ ಸಂಖ್ಯೆ 137 ಆಗಿದ್ದಲ್ಲಿ, ಅದನ್ನು ಸಂಕೇತ ಸಂಖ್ಯೆ 9ರ ಮೂಲಕ ಬಲವಂತವಾಗಿ ನಿಲ್ಲಿಸಲಾಗಿದೆ ಎಂದರ್ಥ (128ಕ್ಕೆ 9 ಸೇರಿ 137). ಅನೇಕ ವೇಳೆ ಇದಕ್ಕೆ ಮೆಮೊರಿ ಕೊರತೆಯೇ ಕಾರಣ. ಕರ್ನಲ್ ಸಂದೇಶಗಳಲ್ಲಿ ‘ಮೆಮೊರಿ ಸಿ-ಗ್ರೂಪ್ ಔಟ್ ಆಫ್ ಮೆಮೊರಿ’ ಎಂದಿದ್ದರೆ ಆ ಕಂಟೈನರ್‌ಗೆ ನಿಗದಿಪಡಿಸಿದ ಮಿತಿ ಮೀರಿದೆ ಎಂತಲೂ, ಬರಿದೇ ‘ಔಟ್ ಆಫ್ ಮೆಮೊರಿ’ ಎಂದಿದ್ದರೆ ಸಾಮಾನ್ಯವಾಗಿ ಇಡೀ ಯಂತ್ರದ ಮೆಮೊರಿಯೇ ಸಾಲದಾಗಿದೆ ಎಂತಲೂ ತಿಳಿಯುವುದು. ಇಲ್ಲಿ ಕರ್ನಲ್ ಕುಸಿದಿಲ್ಲ. ತನ್ನ ಕೆಲಸವನ್ನು ಮಾಡಿದೆ.

ಯಂತ್ರವು ಉಸಿರಾಡುತ್ತಿದ್ದರೂ ಉತ್ತರಿಸದಿರುವುದು ಇನ್ನೊಂದು ಬಗೆ. ಒಂದು ಪ್ರಕ್ರಿಯೆಯು 120 ಸೆಕೆಂಡುಗಳಿಗಿಂತ ಹೆಚ್ಚು ಕಾಲ ಅಲುಗಾಡದೆ ಕಾಯುತ್ತಿದ್ದರೆ ಕರ್ನಲ್ ಆ ಬಗ್ಗೆ ಎಚ್ಚರಿಕೆ ನೀಡುತ್ತದೆ. ಇದು ಬಹುತೇಕ ಡಿಸ್ಕ್ ಅಥವಾ ಜಾಲ ಸಂಗ್ರಹಣೆಯ ನಿಧಾನವನ್ನು ಸೂಚಿಸುತ್ತದೆ. ‘ಸಾಫ್ಟ್ ಲಾಕಪ್’ ಎಂಬ ಸಂದೇಶವು ಒಂದು ಪ್ರೊಸೆಸರ್ ಕರ್ನಲ್‌ನೊಳಗೇ ಸಿಕ್ಕಿಕೊಂಡು 20 ಸೆಕೆಂಡುಗಳಿಗೂ ಹೆಚ್ಚು ಕಾಲ ಹೊರಬಂದಿಲ್ಲ ಎಂಬುದನ್ನು ತಿಳಿಸುತ್ತದೆ.

ನಿಜವಾದ ದೋಷದಲ್ಲಿಯೂ ಎರಡು ಹಂತಗಳಿವೆ. ‘ಊಪ್ಸ್’ ಎಂದರೆ ಕರ್ನಲ್‌ನಲ್ಲಿ ತಪ್ಪು ಸಂಭವಿಸಿದೆ, ಆದರೆ ಯಂತ್ರ ಇನ್ನೂ ನಡೆಯುತ್ತಿದೆ. ‘ಪ್ಯಾನಿಕ್’ ಎಂದರೆ ಪೂರ್ಣ ಸ್ಥಗಿತ. ಊಪ್ಸ್ ಆದ ಯಂತ್ರವು ಮೇಲ್ನೋಟಕ್ಕೆ ಸರಿಯಾಗಿಯೇ ಕಾಣಬಹುದು. ಅದನ್ನು ನಂಬಿ ದಿನಗಟ್ಟಲೆ ನಡೆಸುವುದು ದತ್ತಾಂಶಕ್ಕೆ ಅಪಾಯಕಾರಿ. ಊಪ್ಸ್ ಆದೊಡನೆ ಪ್ಯಾನಿಕ್ ಆಗಿ, ನಿಗದಿತ ಸೆಕೆಂಡುಗಳ ನಂತರ ಮರುಚಾಲನೆಗೊಳ್ಳುವಂತೆ ಯಂತ್ರವನ್ನು ಹೊಂದಿಸಲು ಅವಕಾಶವಿದೆ. ಕುಬರ್ನೆಟಿಸ್‌ನ ಕುಬ್ಲೆಟ್ ಈ ಅವಧಿಯನ್ನು 10 ಸೆಕೆಂಡುಗಳಿಗೆ ನಿಗದಿಪಡಿಸುತ್ತದೆ. ‘ಏನೂ ಸೂಚನೆಯಿಲ್ಲದೆ ಸರ್ವರ್ ಮರುಚಾಲನೆಯಾಯಿತು’ ಎಂಬ ದೂರಿನ ಹಿಂದೆ ಹಲವು ಬಾರಿ ಈ ಹೊಂದಾಣಿಕೆಯೇ ಇರುತ್ತದೆ.

ಸಾಕ್ಷ್ಯ ಸಂಗ್ರಹಣೆ

ಮರುಚಾಲನೆಯ ನಂತರ ಮೊದಲು ನೋಡಬೇಕಾದುದು ಹಿಂದಿನ ಬೂಟ್‌ನ ಕರ್ನಲ್ ಸಂದೇಶಗಳನ್ನು. ಸಿಸ್ಟಮ್‌ಡಿ ಬಳಸುವ ಯಂತ್ರಗಳಲ್ಲಿ ಇವು ಜರ್ನಲ್‌ನಲ್ಲಿ ದೊರೆಯುತ್ತವೆ. ಆದರೆ ಜರ್ನಲ್ ಅನ್ನು ಡಿಸ್ಕ್‌ನಲ್ಲಿ ಶಾಶ್ವತವಾಗಿ ಉಳಿಸುವಂತೆ ಹೊಂದಿಸಿರದಿದ್ದಲ್ಲಿ ಮರುಚಾಲನೆಯೊಂದಿಗೆ ಅದೂ ಅಳಿದುಹೋಗಿರುತ್ತದೆ. ಹೊಂದಿಸಿದ್ದರೂ ಪ್ಯಾನಿಕ್ ಆದ ಯಂತ್ರವು ಕೊನೆಯ ಸಾಲುಗಳನ್ನು ಡಿಸ್ಕ್‌ಗೆ ಬರೆಯಲಾರದೆ ಹೋಗುವುದು ಸಾಮಾನ್ಯ. ಬೇಕಾದ ಸಾಲುಗಳು ಅವೇ ಆಗಿರುತ್ತವೆ.

ಆದಕಾರಣ ಕೆ-ಡಂಪ್ ಸೌಲಭ್ಯವನ್ನು ಮುಂಚಿತವಾಗಿಯೇ ಅಳವಡಿಸಿಕೊಳ್ಳುವುದು ಅತ್ಯಗತ್ಯ. ಬೂಟ್ ಸಮಯದಲ್ಲಿ ‘ಕ್ರ್ಯಾಶ್‌ಕರ್ನಲ್’ ಎಂಬ ನಿಯತಾಂಕದ ಮೂಲಕ ಮೆಮೊರಿಯ ಒಂದು ಭಾಗವನ್ನು ಕಾದಿರಿಸಿ ಅಲ್ಲಿ ಎರಡನೆಯ ಕರ್ನಲ್ ಅನ್ನು ಇರಿಸಲಾಗುತ್ತದೆ. ಮೊದಲನೆಯದು ಕುಸಿದೊಡನೆ ಎರಡನೆಯದು ಎದ್ದು, ಕುಸಿದ ಕರ್ನಲ್‌ನ ಮೆಮೊರಿಯನ್ನು ‘ವಿಎಮ್‌ಕೋರ್’ ಎಂಬ ಕಡತವಾಗಿ ಡಿಸ್ಕ್‌ನಲ್ಲಿ ಉಳಿಸಿ, ನಂತರ ಯಂತ್ರವನ್ನು ಮರುಚಾಲನೆಗೊಳಿಸುತ್ತದೆ. ಮೆಮೊರಿ ಹೆಚ್ಚಿರುವ ಯಂತ್ರಗಳಲ್ಲಿ ಇದಕ್ಕೆ ಹಲವು ನಿಮಿಷಗಳು ಬೇಕಾಗುತ್ತವೆ. ಪರದೆ ಕಪ್ಪಾಗಿದೆ ಎಂದು ಈ ಅವಧಿಯಲ್ಲಿ ವಿದ್ಯುತ್ ಗುಂಡಿಯನ್ನು ಒತ್ತಬಾರದು. ಅಳವಡಿಸಿದ ನಂತರ ಸೇವೆಯಿಲ್ಲದ ಸಮಯದಲ್ಲಿ ಸಿಸ್-ಆರ್‌ಕ್ಯೂ ಮೂಲಕ ಒಮ್ಮೆ ಕೃತಕ ಕುಸಿತವನ್ನುಂಟುಮಾಡಿ ಪರೀಕ್ಷಿಸತಕ್ಕದ್ದು; ಕಾದಿರಿಸಿದ ಮೆಮೊರಿ ಸಾಲದೆ ಎರಡನೆಯ ಕರ್ನಲ್ ತಾನೇ ಎಡವುವುದುಂಟು.

ಕೆ-ಡಂಪ್ ಸಾಧ್ಯವಾಗದ ಕಡೆ ನೆಟ್‌ಕನ್ಸೋಲ್ ಮೂಲಕ ಕರ್ನಲ್ ಸಂದೇಶಗಳನ್ನು ಇನ್ನೊಂದು ಯಂತ್ರಕ್ಕೆ ರವಾನಿಸಬಹುದು, ಅಥವಾ ಸೀರಿಯಲ್ ಕನ್ಸೋಲ್ ಅನ್ನು ದಾಖಲಿಸಿಕೊಳ್ಳಬಹುದು. ಏನೂ ಇಲ್ಲದಿದ್ದಲ್ಲಿ ಪರದೆಯ ಛಾಯಾಚಿತ್ರವೂ ಆದೀತು.

ಸಂದೇಶವನ್ನು ಓದುವ ಬಗೆ

ಕುಸಿತದ ಸಂದೇಶದಲ್ಲಿ ಮೂರು ಸಂಗತಿಗಳನ್ನು ಗುರುತಿಸಿಕೊಂಡರೆ ಸಾಕಷ್ಟು ದಾರಿ ಸ್ಪಷ್ಟವಾಗುತ್ತದೆ: ಕರ್ನಲ್‌ನ ಪೂರ್ಣ ಆವೃತ್ತಿ ಸಂಖ್ಯೆ, ‘ಟೇಂಟೆಡ್’ ಎಂಬ ಪದದ ಮುಂದಿನ ಅಕ್ಷರಗಳು ಮತ್ತು ಕರೆಗಳ ಸರಣಿ. ಟೇಂಟೆಡ್ ಪದದ ಮುಂದೆ ‘ಪಿ’ ಇದ್ದರೆ ಸ್ವಾಮ್ಯದ ಮಾಡ್ಯೂಲ್, ‘ಓ’ ಇದ್ದರೆ ಮೂಲ ಕರ್ನಲ್‌ಗೆ ಹೊರತಾದ ಮಾಡ್ಯೂಲ್ ಸೇರಿದೆ ಎಂದರ್ಥ. ‘ಎಮ್’ ಇದ್ದರೆ ಪ್ರೊಸೆಸರ್ ತಾನೇ ಯಂತ್ರಾಂಶ ದೋಷವನ್ನು ವರದಿ ಮಾಡಿದೆ. ಆಗ ತಂತ್ರಾಂಶವನ್ನು ಬಿಟ್ಟು ಯಂತ್ರಾಂಶವನ್ನೇ ಮೊದಲು ಪರೀಕ್ಷಿಸತಕ್ಕದ್ದು.

ಒಂದಕ್ಕಿಂತ ಹೆಚ್ಚು ಬಾರಿ ಕುಸಿತವಾಗಿದ್ದರೆ ಕರೆಗಳ ಸರಣಿಗಳನ್ನು ಹೋಲಿಸಿ ನೋಡಬೇಕು. ಪ್ರತಿ ಬಾರಿಯೂ ಒಂದೇ ಜಾಗವನ್ನು ತೋರಿಸುತ್ತಿದ್ದರೆ ಅದು ತಂತ್ರಾಂಶ ದೋಷವಾಗಿರುವ ಸಂಭವ ಹೆಚ್ಚು. ಒಮ್ಮೆ ಕಡತ ವ್ಯವಸ್ಥೆ, ಒಮ್ಮೆ ಜಾಲ, ಮತ್ತೊಮ್ಮೆ ಇನ್ನೇನೋ ಎಂದು ಅಲೆದಾಡುತ್ತಿದ್ದರೆ ಮೆಮೊರಿ ಪಟ್ಟಿಯನ್ನು ಸಂಶಯಿಸಬೇಕು. ಮೆಮ್‌ಟೆಸ್ಟ್ ಪರೀಕ್ಷೆಯನ್ನು ಒಂದು ರಾತ್ರಿ ಪೂರ್ತಿ ನಡೆಸಿದರೆ ಹಲವು ಸಂಶಯಗಳು ನಿವಾರಣೆಯಾಗುತ್ತವೆ. ಕಂಟೈನರ್‌ಗಳು ಮೆಮೊರಿಯನ್ನು ತುಂಬಾ ಬಳಸುವುದರಿಂದ, ಅದುವರೆಗೆ ಸುಮ್ಮನಿದ್ದ ದೋಷಪೂರಿತ ಪಟ್ಟಿಯು ಕಂಟೈನರ್ ಆರಂಭಿಸಿದ ಮೇಲೆಯೇ ಬೆಳಕಿಗೆ ಬರಬಹುದು.

ಹಿಂದೆ ಕಂಡುಬಂದಿರುವ ಪ್ರಕರಣಗಳು

2022ರ ಜೂನ್ ತಿಂಗಳಿನಲ್ಲಿ ಉಬುಂಟು 20.04ರ 5.13 ಸರಣಿಯ ಕ್ಲೌಡ್ ಕರ್ನಲ್‌ಗಳಿಗೆ ಬಂದ ಪರಿಷ್ಕರಣೆಯೊಂದನ್ನು ಅಳವಡಿಸಿಕೊಂಡ ಸರ್ವರ್‌ಗಳು ಡಾಕರ್ ಕಂಟೈನರ್ ಆರಂಭಿಸುವಾಗ ಕುಸಿಯತೊಡಗಿದವು. ಬಳಕೆದಾರರು ಕಂಟೈನರ್‌ಗಳಲ್ಲಿ ಏನನ್ನೂ ಬದಲಿಸಿರಲಿಲ್ಲ. ಕೆಲವೇ ದಿನಗಳಲ್ಲಿ ಸರಿಪಡಿಸಿದ ಕರ್ನಲ್ ಬಿಡುಗಡೆಯಾಯಿತು. ಅಲ್ಲಿಯವರೆಗೆ ಹಿಂದಿನ ಕರ್ನಲ್‌ಗೆ ಮರಳುವುದೇ ಪರಿಹಾರವಾಗಿತ್ತು. ಕುಸಿತ ಆರಂಭವಾದ ದಿನಾಂಕವನ್ನೂ ಕರ್ನಲ್ ಪರಿಷ್ಕರಣೆಯ ದಿನಾಂಕವನ್ನೂ ಹೋಲಿಸಿ ನೋಡಬೇಕೆಂದು ಹೇಳುವುದು ಈ ಕಾರಣಕ್ಕಾಗಿಯೇ. ಪರಿಷ್ಕರಣೆಯು ಅಳವಡಿಕೆಯಾದ ದಿನವಲ್ಲದೆ, ಅದರ ನಂತರದ ಮೊದಲ ಮರುಚಾಲನೆಯ ದಿನವೇ ಹೊಸ ಕರ್ನಲ್ ಜಾರಿಗೆ ಬರುತ್ತದೆ ಎಂಬುದನ್ನು ಮರೆಯಬಾರದು.

ಸೆಂಟ್‌ಓಎಸ್ 7ರ 3.10 ಕರ್ನಲ್‌ನಲ್ಲಿ ಕಂಟೈನರ್‌ಗಳಿಗೆ ಕರ್ನಲ್ ಮೆಮೊರಿಯ ಲೆಕ್ಕವನ್ನು ಇಡುವ ಭಾಗವು ದೋಷಪೂರಿತವಾಗಿತ್ತು. ಕಂಟೈನರ್‌ಗಳನ್ನು ಪದೇ ಪದೇ ಆರಂಭಿಸಿ ನಿಲ್ಲಿಸುವ ಕುಬರ್ನೆಟಿಸ್ ಯಂತ್ರಗಳಲ್ಲಿ ಲೆಕ್ಕದ ಶೇಷ ಉಳಿಯುತ್ತಾ ಹೋಗಿ, ಕೊನೆಗೆ ಮೆಮೊರಿ ಖಾಲಿಯಿದ್ದರೂ ಹಂಚಿಕೆ ಸಾಧ್ಯವಿಲ್ಲವೆಂಬ ಸಂದೇಶ ಬರುತ್ತಿತ್ತು. ಆ ಲೆಕ್ಕವನ್ನೇ ನಿಲ್ಲಿಸುವ ಬೂಟ್ ನಿಯತಾಂಕವು ತಾತ್ಕಾಲಿಕ ಪರಿಹಾರವಾಗಿತ್ತು. ಸೆಂಟ್‌ಓಎಸ್ 7ರ ನಿರ್ವಹಣಾ ಅವಧಿಯು ದಿನಾಂಕ 30-06-2024ಕ್ಕೆ ಮುಕ್ತಾಯಗೊಂಡಿರುವುದರಿಂದ, ಈಗಲೂ ಅದನ್ನು ಬಳಸುತ್ತಿರುವವರು ಹೊಸ ವ್ಯವಸ್ಥೆಗೆ ಬದಲಾಯಿಸಿಕೊಳ್ಳುವುದೇ ಸೂಕ್ತ.

ಜಾಲ ಸಂಪರ್ಕ ಸಾಧನ ‘ಎಲ್‌ಓ’ ಬಿಡುಗಡೆಯಾಗಲು ಕಾಯಲಾಗುತ್ತಿದೆ ಎಂಬ ಸಂದೇಶವು ಹತ್ತು ಸೆಕೆಂಡಿಗೊಮ್ಮೆ ಬರುತ್ತಿದ್ದು, ಹೊಸ ಕಂಟೈನರ್ ಆರಂಭವಾಗದಿರುವ ತೊಂದರೆಯನ್ನು 2014ರಿಂದಲೂ ಡಾಕರ್ ಬಳಕೆದಾರರು ವರದಿ ಮಾಡಿದ್ದಾರೆ. ಈ ಸಂದೇಶವು ಪರಿಣಾಮವನ್ನಷ್ಟೇ ತಿಳಿಸುತ್ತದೆ. ಅದರ ಹಿಂದಿನ ಕಾರಣಗಳು ಬೇರೆ ಬೇರೆ ಆವೃತ್ತಿಗಳಲ್ಲಿ ಬೇರೆ ಬೇರೆಯಾಗಿದ್ದವು. ಆದುದರಿಂದ ಅದೇ ಸಾಲನ್ನು ಹುಡುಕಿ ದೊರೆತ ಹಳೆಯ ಪರಿಹಾರವನ್ನು ಪರಿಶೀಲಿಸದೆ ಅನ್ವಯಿಸಬಾರದು.

ಮರುಚಾಲನೆಯ ಸುಳಿಯಿಂದ ಹೊರಬರುವುದು

ಕಂಟೈನರ್ ಆರಂಭವೇ ಕುಸಿತಕ್ಕೆ ಕಾರಣವಾಗಿದ್ದು, ಯಂತ್ರ ಎದ್ದೊಡನೆ ಕಂಟೈನರ್ ಸಹ ತಾನಾಗಿ ಆರಂಭವಾಗುವಂತೆ ಹೊಂದಿಸಿದ್ದರೆ, ಸರ್ವರ್ ಎದ್ದು ಬೀಳುತ್ತಲೇ ಇರುತ್ತದೆ. ಒಳಪ್ರವೇಶಿಸಲೂ ಸಮಯ ಸಿಗುವುದಿಲ್ಲ. ಇಂತಹ ಸಂದರ್ಭದಲ್ಲಿ ಗ್ರಬ್ ಪಟ್ಟಿಯಲ್ಲಿ ಹಿಂದಿನ ಕರ್ನಲ್ ಅನ್ನು ಆಯ್ಕೆ ಮಾಡಿ ಬೂಟ್ ಮಾಡುವುದು. ಅದೂ ಫಲಿಸದಿದ್ದಲ್ಲಿ ಬೂಟ್ ಸಾಲಿಗೆ ಸಿಸ್ಟಮ್‌ಡಿಯ ‘ಮಾಸ್ಕ್’ ನಿಯತಾಂಕವನ್ನು ಸೇರಿಸಿ, ಆ ಒಂದು ಬೂಟ್‌ನ ಮಟ್ಟಿಗೆ ಡಾಕರ್ ಸೇವೆಯನ್ನು ತಡೆಹಿಡಿಯಬಹುದು. ಹಳೆಯ ಕರ್ನಲ್ ಅನ್ನು ಸ್ಥಳಾವಕಾಶಕ್ಕಾಗಿ ಅಳಿಸಿಹಾಕುವ ಅಭ್ಯಾಸವುಳ್ಳವರಿಗೆ ಮೊದಲನೆಯ ದಾರಿ ಇರುವುದಿಲ್ಲ.

ಯಂತ್ರವು ಎದ್ದ ಮೇಲೆ ಎಲ್ಲ ಕಂಟೈನರ್‌ಗಳನ್ನೂ ಒಟ್ಟಿಗೆ ಆರಂಭಿಸದೆ ಒಂದೊಂದಾಗಿ ಆರಂಭಿಸುವುದು. ದತ್ತಸಂಚಯದ ಕಂಟೈನರ್ ಮೊದಲ ಬಾರಿಗೆ ಎದ್ದಾಗ ಅಪೂರ್ಣ ವ್ಯವಹಾರಗಳನ್ನು ತನ್ನ ದಾಖಲೆಯಿಂದ ಸರಿಪಡಿಸಿಕೊಳ್ಳುತ್ತದೆ. ತಡವಾಗುತ್ತಿದೆ ಎಂದು ಅದನ್ನು ಮಧ್ಯದಲ್ಲಿ ನಿಲ್ಲಿಸಬಾರದು. ಅರ್ಜಿ, ರಶೀದಿ, ಹಾಜರಿ ಮುಂತಾದ ದತ್ತಾಂಶವನ್ನು ವಾಲ್ಯೂಮ್‌ನಲ್ಲಿ ಇರಿಸಿದ್ದರೆ, ಕಂಟೈನರ್‌ನ ಪದರಗಳು ಕೆಟ್ಟಿದ್ದರೂ ಅವನ್ನು ಅಳಿಸಿ ಇಮೇಜ್ ಅನ್ನು ಹೊಸದಾಗಿ ತರಿಸಿಕೊಳ್ಳಬಹುದು. ಕಂಟೈನರ್‌ನೊಳಗೇ ಇರಿಸಿದ್ದರೆ ಅದನ್ನು ಅಳಿಸುವ ಮೊದಲು ದತ್ತಾಂಶವನ್ನು ಕಡ್ಡಾಯವಾಗಿ ಹೊರತೆಗೆದುಕೊಳ್ಳತಕ್ಕದ್ದು.

ನೆರವು ಕೋರುವಾಗ ಸಲ್ಲಿಸಬೇಕಾದ ವಿವರಗಳು

ಕರ್ನಲ್ ದೋಷದ ವರದಿಯನ್ನು ತಾವು ಬಳಸುತ್ತಿರುವ ಲಿನಕ್ಸ್ ವಿತರಣೆಯವರಿಗೆ ಮೊದಲು ಸಲ್ಲಿಸುವುದು. ವಿತರಣೆಗಳು ಕರ್ನಲ್‌ಗೆ ತಮ್ಮದೇ ಮಾರ್ಪಾಡುಗಳನ್ನು ಸೇರಿಸುವುದರಿಂದ, ಮೂಲ ಕರ್ನಲ್ ಅಭಿವೃದ್ಧಿಪಡಿಸುವವರು ಮಾರ್ಪಾಡಿಲ್ಲದ ಇತ್ತೀಚಿನ ಆವೃತ್ತಿಯಲ್ಲಿಯೂ ದೋಷ ಕಂಡುಬಂದಿದೆಯೇ ಎಂದು ಕೇಳುತ್ತಾರೆ. ವರದಿಯೊಂದಿಗೆ ಈ ಕೆಳಕಂಡವುಗಳನ್ನು ಲಗತ್ತಿಸುವುದು:

1. ಕರ್ನಲ್, ವಿತರಣೆ ಹಾಗೂ ಕಂಟೈನರ್ ತಂತ್ರಾಂಶದ ಪೂರ್ಣ ಆವೃತ್ತಿ ಸಂಖ್ಯೆಗಳು.
2. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಕತ್ತರಿಸದ ಕುಸಿತದ ಸಂದೇಶ. ಒಂದರ ಹಿಂದೆ ಒಂದು ಊಪ್ಸ್ ಬಂದಿದ್ದರೆ ಮೊದಲನೆಯದೇ ಮುಖ್ಯ.
3. ಸಂಗ್ರಹಣಾ ಡ್ರೈವರ್, ಅದರ ಕೆಳಗಿನ ಕಡತ ವ್ಯವಸ್ಥೆ ಮತ್ತು ಹೊರಗಿನಿಂದ ಸೇರಿಸಿದ ಮಾಡ್ಯೂಲ್‌ಗಳ ಹೆಸರು.
4. ಸಾಧ್ಯವಾದಲ್ಲಿ, ಖಾಲಿ ಯಂತ್ರವೊಂದರಲ್ಲಿ ಅದೇ ಕುಸಿತವನ್ನುಂಟುಮಾಡುವ ಅತಿ ಚಿಕ್ಕ ಕಂಟೈನರ್. ಇದೊಂದಿದ್ದರೆ ಉಳಿದವುಗಳಿಗಿಂತ ಹೆಚ್ಚು ಬೇಗ ಉತ್ತರ ದೊರೆಯುತ್ತದೆ.

ವಿಎಮ್‌ಕೋರ್ ಕಡತವನ್ನು ಯಾವುದೇ ಕಾರಣಕ್ಕೂ ಸಾರ್ವಜನಿಕ ವರದಿಗೆ ಲಗತ್ತಿಸಬಾರದು. ಕುಸಿತದ ಕ್ಷಣದಲ್ಲಿ ಮೆಮೊರಿಯಲ್ಲಿದ್ದ ಗುಪ್ತಪದಗಳು, ಸಂಕೇತ ಕೀಲಿಗಳು ಮತ್ತು ಸೇವೆಗಾಗಿ ಅರ್ಜಿ ಸಲ್ಲಿಸಿದವರ ವೈಯಕ್ತಿಕ ವಿವರಗಳು ಅದರಲ್ಲಿ ಇರಬಹುದು. ಬಳಕೆದಾರ ಪ್ರಕ್ರಿಯೆಗಳ ಪುಟಗಳನ್ನು ಬಿಟ್ಟು ಉಳಿಸುವಂತೆ ಕೆ-ಡಂಪ್ ಅನ್ನು ಹೊಂದಿಸಿದ್ದರೂ ಕರ್ನಲ್‌ನ ಪುಟಗಳಲ್ಲಿ ಅವುಗಳ ತುಣುಕುಗಳು ಉಳಿದಿರಬಹುದು. ಕೇಳಿದವರಿಗೆ ಮಾತ್ರ, ಗೂಢಲಿಪೀಕರಿಸಿ, ಖಾಸಗಿಯಾಗಿ ಕಳುಹಿಸುವುದು. ಪ್ರಕರಣ ಮುಕ್ತಾಯವಾದ ನಂತರ ಎರಡೂ ಕಡೆ ಅಳಿಸಿಹಾಕತಕ್ಕದ್ದು.