ಕಂಪನಿಗೆ ಬಿಟ್ಟ ತೆರಿಗೆ, ಶಾಲೆಗೆ ಬಿದ್ದ ಹೊರೆ

ದುಬೈಯ ಬುರ್ಜ್ ಖಲೀಫಾವನ್ನು ವಿನ್ಯಾಸಗೊಳಿಸಿದ ಸಂಸ್ಥೆಯೇ ಅದಕ್ಕಿಂತ ಮೂರೂವರೆ ದಶಕ ಮೊದಲು ಶಿಕಾಗೋದಲ್ಲಿ 110 ಮಹಡಿಗಳ ಸಿಯರ್ಸ್ ಟವರನ್ನು ರೂಪಿಸಿತ್ತು. ಆಗ ಅದು ಜಗತ್ತಿನ ಅತಿ ಎತ್ತರದ ಕಟ್ಟಡ. ಅದರ ಒಡೆಯ ಸಿಯರ್ಸ್, ಅಮೆರಿಕದ ಮನೆಮನೆಗೂ ಗೊತ್ತಿದ್ದ ಅಂಗಡಿ ಕಂಪನಿ.

1989ರ ಹೊತ್ತಿಗೆ ಕಂಪನಿ ಟವರ್ ಬಿಡಲು ಹೊರಟಿತು. ಬೇರೆ ರಾಜ್ಯಗಳು ಕೈಬೀಸಿ ಕರೆದವು. ಸಾವಿರಾರು ಉದ್ಯೋಗ ಕೈತಪ್ಪಿದ ಅಪವಾದ ಯಾವ ಸರ್ಕಾರಕ್ಕೂ ಬೇಡ. ಇಲಿನಾಯ್ ಶಾಸನಸಭೆ ವಿಶೇಷ ಕಾನೂನು ಮಾಡಿತು. 1992ರಲ್ಲಿ ಸಿಯರ್ಸ್ ಶಿಕಾಗೋದ ಹೊರವಲಯದ ಹಾಫ್‌ಮನ್ ಎಸ್ಟೇಟ್ಸ್‌ಗೆ ಬಂತು.

ಇಲ್ಲಿ ಒಂದು ಮಾತು ತಿಳಿದಿರಬೇಕು. ನಮ್ಮೂರ ಸರ್ಕಾರಿ ಶಾಲೆ ರಾಜ್ಯದ ಬಜೆಟ್ಟಿನಿಂದ ನಡೆಯುತ್ತದೆ. ಇಲಿನಾಯ್‌ನ ಶಾಲೆಗಳ ದೊಡ್ಡ ಆಧಾರ ಸ್ಥಳೀಯ ಆಸ್ತಿ ತೆರಿಗೆ. ಹೊಸ ಕಾನೂನಿನ ಪ್ರಕಾರ, ಆ ಜಾಗದ ಬೆಲೆ ಏರಿದಂತೆ ಹೆಚ್ಚುವ ತೆರಿಗೆಯ ಬಹುಪಾಲು ಶಾಲೆಗೆ ಹೋಗದೆ ಅಲ್ಲಿನ ಅಭಿವೃದ್ಧಿ ವೆಚ್ಚಕ್ಕೇ ಹೋಗಬೇಕಿತ್ತು.

ಅವಧಿ ಮುಗಿಯುವ ಹೊತ್ತಿಗೆ, 2011ರಲ್ಲಿ, ಕಂಪನಿ ಮತ್ತೆ ಹೊರಡುವ ಮಾತಾಡಿತು. ಓಹಾಯೋ ರಾಜ್ಯ ಸುಮಾರು 40 ಕೋಟಿ ಡಾಲರ್ ಮೌಲ್ಯದ ಆಮಿಷ ಒಡ್ಡಿತು. ವಿಪರ್ಯಾಸವೆಂದರೆ, ಅದೇ ವರ್ಷದ ಜನವರಿಯಲ್ಲಿ ಖಜಾನೆ ಬರಿದಾಗಿದೆಯೆಂದು ಇಲಿನಾಯ್ ವ್ಯಕ್ತಿಗಳ ಆದಾಯ ತೆರಿಗೆಯನ್ನು ಶೇ. 3ರಿಂದ 5ಕ್ಕೆ ಏರಿಸಿತ್ತು. ಡಿಸೆಂಬರ್‌ನಲ್ಲಿ ಅದೇ ಸರ್ಕಾರ ಸಿಯರ್ಸ್‌ಗೆ ವರ್ಷಕ್ಕೆ 1.5 ಕೋಟಿ ಡಾಲರಿನಂತೆ 10 ವರ್ಷ ತೆರಿಗೆ ರಿಯಾಯಿತಿ ಕೊಟ್ಟಿತು. ಹಳೆಯ ಆಸ್ತಿ ತೆರಿಗೆ ವ್ಯವಸ್ಥೆಯನ್ನೂ 15 ವರ್ಷ ಮುಂದುವರಿಸಿತು. 4,250 ಉದ್ಯೋಗ ಉಳಿಸಬೇಕೆಂಬುದು ಷರತ್ತು. ಸ್ಥಳೀಯ 300ನೇ ಶಾಲಾ ಜಿಲ್ಲೆ ಬಲವಾಗಿ ವಿರೋಧಿಸಿತ್ತು. ಶಿಕಾಗೋದ ದೊಡ್ಡ ವಿನಿಮಯ ಕೇಂದ್ರಗಳಿಗೂ ರಿಯಾಯಿತಿ, ಬಡ ದುಡಿಮೆಗಾರರಿಗೂ ಒಂದಿಷ್ಟು ತೆರಿಗೆ ವಿನಾಯಿತಿ ಜೊತೆಗೆ ಸೇರಿದವು. ಎಲ್ಲರಿಗೂ ಒಂದೊಂದು ತುತ್ತು ಸಿಕ್ಕಾಗ ಮತಗಳು ಕೂಡಿಬರುತ್ತವೆ.

2018ರ ಅಕ್ಟೋಬರ್‌ನಲ್ಲಿ ಸಿಯರ್ಸ್ ದಿವಾಳಿ ಅರ್ಜಿ ಹಾಕಿತು. 2023ರಲ್ಲಿ 273 ಎಕರೆಯ ಆವರಣವನ್ನು ಡೇಟಾ ಸೆಂಟರ್ ಕಂಪನಿಯೊಂದು ಕೊಂಡಿತು.

ಅಂದಿನ ಶಾಸಕರನ್ನು ಮೂರ್ಖರೆನ್ನುವುದು ಸುಲಭ. ಆದರೆ ಉದ್ಯೋಗ ಹೋದರೆ ನಾಳೆಯೇ ಪತ್ರಿಕೆಯ ಮುಖಪುಟ. ಶಾಲೆಗೆ ಬಾರದ ಹಣ ಯಾರ ಕಣ್ಣಿಗೂ ಬೀಳುವುದಿಲ್ಲ. ಖರ್ಚು ಮಾಡಿದ ರೂಪಾಯಿಗೆ ಬಜೆಟ್ಟಿನಲ್ಲಿ ಚರ್ಚೆ ಇದೆ, ಬಿಟ್ಟುಕೊಟ್ಟ ರೂಪಾಯಿಗೆ ಅಷ್ಟಿಲ್ಲ. ಕರ್ನಾಟಕದಲ್ಲೂ ರಿಯಾಯಿತಿ ಕೊಟ್ಟು ಕಾರ್ಖಾನೆಗಳನ್ನು ಕರೆಯುತ್ತೇವೆ, ಕರೆಯಲಿ. ಎಷ್ಟು ವರ್ಷ, ಯಾವ ಷರತ್ತು, ಯಾರ ಪಾಲಿನಿಂದ ಎಂಬ ಮೂರು ಪ್ರಶ್ನೆಗಳನ್ನು ಮಾತ್ರ ಸಹಿ ಬೀಳುವ ಮೊದಲೇ ಕೇಳಬೇಕು.